ಅರ್ಧ ಕತ್ತಲಾದ ಮದುವೆಯ ಚಿತ್ರ

ಕಳೆದ ಬೇಸಿಗೆಯಲ್ಲಿ ನಿಪ್ಪಾಣಿಯ ಮಂಗಲ ಕಾರ್ಯಾಲಯವೊಂದರಲ್ಲಿ, ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗಳ ಮದುವೆಗೆ ಹೋಗಿದ್ದೆ. ಮುಹೂರ್ತಕ್ಕೆ ಇನ್ನೂ ಒಂದು ತಾಸು ಇತ್ತು. ವೇದಿಕೆಯ ಪಕ್ಕದಲ್ಲಿ, ಕೊರಳಿಗೆ ಎರಡು ಕ್ಯಾಮೆರಾ ತೂಗುಹಾಕಿಕೊಂಡ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅವನ ಗುರು ಅದೇ ದಿನ ಇನ್ನೊಂದು ಊರಿನ ಮದುವೆಯನ್ನೂ ಒಪ್ಪಿಕೊಂಡು, ಇದನ್ನು ಶಿಷ್ಯನ ತಲೆಗೆ ಕಟ್ಟಿ ಹೋಗಿದ್ದನಂತೆ. ಮಾತಿಗೆಳೆದಾಗ, ‘ಕಾಕಾ, ಇದ ನಂದು ಮೊದಲನೇ ಮದುವಿರಿ’ ಎಂದ. ಪಕ್ಕದಲ್ಲಿದ್ದ ಹೆಂಗಸರು ನಕ್ಕುಬಿಟ್ಟರು. ಅವನಿಗೆ ಮಾತ್ರ ನಗು ಬರಲಿಲ್ಲ. ನಾನೂ ಒಂದು ಕಾಲಕ್ಕೆ ಕ್ಯಾಮೆರಾ ಹಿಡಿದವನೆಂದು ತಿಳಿದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದ: ‘ಯಾವ ಫೋಟೋ ತಪ್ಪಿದರ ನಡೀತೈತಿ, ಯಾವದು ತಪ್ಪಬಾರದರಿ?’

ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. ಅದರ ಉತ್ತರ ನನಗೆ ತಿಳಿಯಲು ಹತ್ತೊಂಬತ್ತು ವರ್ಷ ಬೇಕಾಯಿತು. ಆ ಕಥೆಯನ್ನು ಅವನಿಗೆ ಹೇಳುವಷ್ಟು ಸಮಯ ಅಂದು ಇರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

1988ರಲ್ಲಿ ನಾನು ಕಂದಾಯ ಇಲಾಖೆಯ ಕಿರಿಯ ಅಧಿಕಾರಿಯಾಗಿ ಚಿಕ್ಕೋಡಿ ಉಪವಿಭಾಗದಲ್ಲಿದ್ದೆ. ಆಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿಗೂ ಕಾಗವಾಡ ಅಥಣಿ ತಾಲ್ಲೂಕಿಗೂ ಸೇರಿದ್ದವು. ವೇದಗಂಗೆಯು ದೂಧಗಂಗೆಯನ್ನು, ದೂಧಗಂಗೆಯು ಕೃಷ್ಣೆಯನ್ನು ಕೂಡಿಕೊಳ್ಳುವ ಈ ಸೀಮೆಯಲ್ಲಿ ನೀರಿದ್ದ ಕಡೆ ಕಬ್ಬು, ನಿಪ್ಪಾಣಿಯ ಸುತ್ತ ತಂಬಾಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ; ಕೆಲವು ಮನೆಗಳಲ್ಲಿ ಇದು ತಿರುಗುಮುರುಗು. ಒಂದೇ ಮದುವೆಯಲ್ಲಿ ಲಗ್ನಪತ್ರಿಕೆ ಕನ್ನಡದಲ್ಲಿಯೂ ಮಂಗಲಾಷ್ಟಕ ಮರಾಠಿಯಲ್ಲಿಯೂ ಇದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅರ್ಥಶಾಸ್ತ್ರ ಓದಿ ಬಂದಿದ್ದ ನನಗೆ ಅಲ್ಲಿ ಮೊದಲು ಕಂಡದ್ದು ಬೆಳೆಗೂ ಮದುವೆಗೂ ಇರುವ ನಂಟು. ಕಬ್ಬಿನ ಬಿಲ್ಲು ಕೈಸೇರಿದ ವರ್ಷ ಹಂದರಗಳು ಏಳುತ್ತಿದ್ದವು. ತಂಬಾಕಿನ ಬೆಲೆ ಬಿದ್ದ ವರ್ಷ ‘ಮುಂದಿನ ವರ್ಷ ನೋಡೋಣು’ ಎಂಬ ಮಾತು ಕೇಳಿಬರುತ್ತಿತ್ತು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಗಿಳಿದು, ಗೋಲಿಬಾರಿನಲ್ಲಿ ಪ್ರಾಣ ತೆತ್ತ ನೆನಪು ಆಗ ಇನ್ನೂ ಹಸಿಯಾಗಿತ್ತು. ಆ ಬೆಲೆಯಲ್ಲಿ ಎಷ್ಟು ಹೆಣ್ಣುಮಕ್ಕಳ ಮದುವೆ ಅಡಗಿತ್ತೆಂಬುದು ಊರವರಿಗೆಲ್ಲ ತಿಳಿದ ವಿಷಯ.

ಸಿಪಾಯಿಯ ಮಗಳ ಮದುವೆ

ನಮ್ಮ ಕಚೇರಿಯ ಸಿಪಾಯಿಯೊಬ್ಬರ ಊರು ರಾಯಬಾಗ ತಾಲ್ಲೂಕಿನ ಕೃಷ್ಣಾತೀರದ ಒಂದು ಹಳ್ಳಿ. ಅವರ ಹಿರಿಯ ಮಗಳ ಮದುವೆ ಆ ವರ್ಷದ ಮೇ ತಿಂಗಳಲ್ಲಿ ನಿಶ್ಚಯವಾಯಿತು. ಹುಡುಗ ಕಾಗವಾಡದ ಕಡೆಯವನು. ಮನೆಯಲ್ಲಿ ಅಣ್ಣತಮ್ಮಂದಿರ ಕೂಡಿದ ಹೊಲ, ಜೊತೆಗೆ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸ. ಹುಡುಗಿಗೆ ಹತ್ತೊಂಬತ್ತು ತುಂಬಿತ್ತು. ‘ರಾವಸಾಹೇಬ್ರ, ಕಾಯ್ದೆ ಪ್ರಕಾರನ ಮಾಡಾಕತ್ತೀನ್ರಿ’ ಎಂದು ಅವರು ಶಾಲೆಯ ದಾಖಲೆಯನ್ನು ತಾವಾಗಿಯೇ ತಂದು ತೋರಿಸಿದ್ದರು.

ಮದುವೆಯ ಹಿಂದಿನ ಸಂಜೆ ಅವರು ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದು ನಿಂತರು. ಒಪ್ಪಿಕೊಂಡಿದ್ದ ಸ್ಟುಡಿಯೋದವನು ಕೈಕೊಟ್ಟಿದ್ದ. ಅಂದು ಒಳ್ಳೆಯ ಮುಹೂರ್ತ. ಹೆಚ್ಚು ದುಡ್ಡಿನ ಮದುವೆ ಇನ್ನೊಂದು ಕಡೆ ಸಿಕ್ಕಿರಬೇಕು. ‘ನಿಮ್ಮ ಹತ್ರ ಕ್ಯಾಮೆರಾ ಐತೆಲ್ರಿ’ ಎಂದಷ್ಟೇ ಹೇಳಿ ಸುಮ್ಮನಾದರು.

ಕ್ಯಾಮೆರಾ ಇತ್ತು, ನಿಜ. ಉಳಿತಾಯದ ಹಣದಲ್ಲಿ ಕೊಂಡ ಪೆಂಟಾಕ್ಸ್ ಕೆ-1000. ಅದರಲ್ಲಿ ಗೋಕಾಕ ಜಲಪಾತ, ಕೃಷ್ಣೆಯ ಮೇಲಿನ ಸೂರ್ಯಾಸ್ತ, ಕಬ್ಬಿನ ಗಾಡಿಗಳ ಸಾಲು ಇವುಗಳನ್ನು ತೆಗೆದು ಗೆಳೆಯರ ಹೊಗಳಿಕೆ ಪಡೆದಿದ್ದೆ. ಹೆಚ್ಚಾಗಿ ಬಳಸುತ್ತಿದ್ದುದು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪು-ಬಿಳುಪು ಫಿಲ್ಮು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಮನುಷ್ಯರ ಚಿತ್ರ ತೆಗೆದದ್ದು ಕಡಿಮೆ. ಮದುವೆಯ ಚಿತ್ರವನ್ನಂತೂ ಒಂದನ್ನೂ ತೆಗೆದಿರಲಿಲ್ಲ. ಸೂರ್ಯಾಸ್ತ ಇಂದು ತಪ್ಪಿದರೆ ನಾಳೆಯೂ ಆಗುತ್ತದೆ, ಮದುವೆ ಹಾಗಲ್ಲ ಎಂಬ ಸರಳ ವಿವೇಕವೂ ಆ ಸಂಜೆ ನನಗೆ ಹೊಳೆಯಲಿಲ್ಲ. ಒಪ್ಪಿಕೊಂಡೆ. ರಾತ್ರಿಯೇ ಪೇಟೆಗೆ ಹೋಗಿ 36 ಚಿತ್ರಗಳ ಬಣ್ಣದ ರೀಲು ಒಂದನ್ನೂ ಫ್ಲ್ಯಾಶಿಗೆ ನಾಲ್ಕು ಹೊಸ ಸೆಲ್ಲುಗಳನ್ನೂ ತಂದೆ. ಎರಡನೆಯ ರೀಲಿಗೆ ಅಂಗಡಿಯಲ್ಲಿ ದಾಸ್ತಾನಿರಲಿಲ್ಲ.

ಮೂವತ್ತಾರು ಚಿತ್ರಗಳೆಂದರೆ ಇಂದಿನವರಿಗೆ ಹಾಸ್ಯವಾಗಿ ಕಂಡೀತು. ಸಂಪನ್ಮೂಲ ಮಿತ, ಬೇಡಿಕೆ ಅಮಿತ; ಆದ್ದರಿಂದ ಆಯ್ಕೆ ಅನಿವಾರ್ಯ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಪರೀಕ್ಷೆಯಲ್ಲಿ ಬರೆದಿದ್ದ ಆ ಪಾಠ ನನಗೆ ಅರ್ಥವಾದದ್ದು ಆ ಹಂದರದಲ್ಲಿ. ಅರಿಷಿಣ ಹಚ್ಚುವುದು, ಸುರಗಿ ಸುತ್ತುವುದು, ಬಳೆ ಇಡಿಸುವುದು, ಬೀಗರ ಆಗಮನ, ಬಾಸಿಂಗ ಕಟ್ಟುವುದು, ಅಂತರಪಟ, ತಾಳಿ, ಅಕ್ಕಿಕಾಳು, ಆಯೇರಿ, ಪಂಕ್ತಿಯ ಊಟ, ಹುಡುಗಿಯನ್ನು ಕಳುಹಿಸಿಕೊಡುವುದು — ಒಂದೊಂದಕ್ಕೂ ಎರಡು ಮೂರು ಎಂದು ಹಂಚಿದರೆ ರೀಲು ಮುಗಿಯುತ್ತಿತ್ತು. ನಾನು ಯಾರನ್ನೂ ಕೇಳದೆ, ಚೆಂದ ಕಂಡದ್ದನ್ನು ತೆಗೆಯುತ್ತ ಹೋದೆ. ಹಿತ್ತಾಳೆಯ ಕೊಡದ ಮೇಲೆ ಬಿದ್ದ ಬಿಸಿಲು, ಸನಾದಿಯವನ ಉಬ್ಬಿದ ಗಲ್ಲ, ಹೋಳಿಗೆಯ ಹಿಟ್ಟು ನಾದುವ ಕೈ. ಹಂದರಕ್ಕೆ ಕೆಂಪು ಹಳದಿ ಬಟ್ಟೆ ಕಟ್ಟಿದ್ದರು. ಮೇ ತಿಂಗಳ ನಡುಹಗಲಿನ ಬೆಳಕು ಅದರೊಳಗಿಂದ ಸೋಸಿ ಬಂದು ಒಬ್ಬರ ಮುಖವನ್ನು ಕುಂಕುಮವನ್ನಾಗಿಯೂ ಇನ್ನೊಬ್ಬರದನ್ನು ಅರಿಷಿಣವನ್ನಾಗಿಯೂ ಮಾಡುತ್ತಿತ್ತು. ಕಣ್ಣು ಅದನ್ನು ತಿದ್ದಿಕೊಳ್ಳುತ್ತದೆ, ಫಿಲ್ಮು ತಿದ್ದಿಕೊಳ್ಳುವುದಿಲ್ಲ ಎಂಬುದೂ ನನಗೆ ತಿಳಿದಿರಲಿಲ್ಲ.

ಇಪ್ಪತ್ತೊಂದನೆಯ ಚಿತ್ರ

ಆ ಕಾಲದ ಕ್ಯಾಮೆರಾದ ಒಂದು ಸಂಗತಿಯನ್ನು ಇಲ್ಲಿ ವಿವರಿಸಬೇಕು. ಕೆ-1000ರಂಥ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ಬಟ್ಟೆಯ ಎರಡು ಪರದೆಗಳಿರುತ್ತವೆ. ಮೊದಲನೆಯದು ಅಡ್ಡಲಾಗಿ ಸರಿದು ಫಿಲ್ಮನ್ನು ತೆರೆಯುತ್ತದೆ. ಎರಡನೆಯದು ಅದರ ಹಿಂದೆಯೇ ಸರಿದು ಮುಚ್ಚುತ್ತದೆ. ವೇಗವನ್ನು ಸೆಕೆಂಡಿನ ಅರವತ್ತನೆಯ ಒಂದು ಭಾಗಕ್ಕೆ ಇಟ್ಟರೆ, ಒಂದು ಕ್ಷಣ ಇಡೀ ಫಿಲ್ಮು ತೆರೆದಿರುತ್ತದೆ. ಫ್ಲ್ಯಾಶ್ ಮಿಂಚಬೇಕಾದದ್ದು ಆ ಕ್ಷಣದಲ್ಲಿ. ವೇಗವನ್ನು ನೂರಿಪ್ಪತ್ತೈದಕ್ಕೆ ಏರಿಸಿದರೆ, ಮೊದಲ ಪರದೆ ಪೂರ್ತಿ ತೆರೆಯುವ ಮೊದಲೇ ಎರಡನೆಯದು ಹೊರಟಿರುತ್ತದೆ. ಆಗ ಫ್ಲ್ಯಾಶಿನ ಬೆಳಕು ಚಿತ್ರದ ಒಂದು ಭಾಗಕ್ಕೆ ಮಾತ್ರ ತಾಗುತ್ತದೆ. ಬಿಸಿಲಿನಲ್ಲಿ ನೂರಿಪ್ಪತ್ತೈದು, ಫ್ಲ್ಯಾಶಿಗೆ ಅರವತ್ತು: ಇಷ್ಟನ್ನು ನೆನಪಿಟ್ಟರೆ ಸಾಕು. ನನಗದು ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ.

ಅಂತರಪಟ ಹಿಡಿದ ಚಿತ್ರವನ್ನು ಫ್ಲ್ಯಾಶಿನಲ್ಲಿ ತೆಗೆದೆ. ಅದು ರೀಲಿನ ಹತ್ತೊಂಬತ್ತನೆಯದು. ಮಂಗಲಾಷ್ಟಕಗಳು ಇನ್ನೂ ಬಾಕಿ ಇದ್ದವು. ಹಂದರದ ಹೊರಗೆ, ಸುಡುಬಿಸಿಲಿನಲ್ಲಿ, ಅಂಗೈಯಲ್ಲಿ ಅಕ್ಕಿಕಾಳು ಹಿಡಿದು ನಿಂತ ಜನ ಕಂಡರು. ಓಡಿಹೋಗಿ, ವೇಗವನ್ನು ನೂರಿಪ್ಪತ್ತೈದಕ್ಕೆ ತಿರುಗಿಸಿ ಅದನ್ನು ತೆಗೆದೆ. ಇಪ್ಪತ್ತು. ಒಳಗಿನಿಂದ ‘ಸಾವಧಾನ’ದ ಕೂಗು, ಹಲಗೆಯ ಸದ್ದು ಒಟ್ಟಿಗೆ ಕೇಳಿದವು. ಜನರನ್ನು ಸೀಳಿಕೊಂಡು ಒಳಗೆ ಬಂದಾಗ ವರನ ಕೈ ತಾಳಿಯೊಂದಿಗೆ ವಧುವಿನ ಕೊರಳ ಬಳಿ ಇತ್ತು. ಗುಂಡಿ ಒತ್ತಿದೆ, ಫ್ಲ್ಯಾಶ್ ಮಿಂಚಿತು. ಇಪ್ಪತ್ತೊಂದು. ಫ್ಲ್ಯಾಶ್ ಮತ್ತೆ ಸಿದ್ಧವಾಗಲು ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡಿನಲ್ಲಿ ಕಣ್ಣು ಡಯಲಿನ ಮೇಲೆ ಬಿತ್ತು: ನೂರಿಪ್ಪತ್ತೈದು.

ನುರಿತ ಛಾಯಾಗ್ರಾಹಕನಾಗಿದ್ದರೆ ‘ಇನ್ನೊಮ್ಮಿ ಹಂಗ ಕೈ ಹಿಡೀರಿ’ ಎಂದು ನಿಸ್ಸಂಕೋಚವಾಗಿ ಹೇಳುತ್ತಿದ್ದ. ಮದುವೆಮನೆಯಲ್ಲಿ ಅದಕ್ಕೆ ಯಾರೂ ಬೇಸರಿಸುವುದಿಲ್ಲ. ನನಗೆ ಬಾಯಿ ಬರಲಿಲ್ಲ. ಸಾಹೇಬರು ತಪ್ಪು ಮಾಡಿದರೆಂದು ನನ್ನ ಕಚೇರಿಯ ಸಿಪಾಯಿಯ ನೆಂಟರ ಮುಂದೆ ಒಪ್ಪಿಕೊಳ್ಳುವುದು ಹೇಗೆ? ವೇಗವನ್ನು ಸರಿಪಡಿಸಿಕೊಂಡು, ಅಕ್ಕಿಕಾಳು ಸುರಿಯುವುದನ್ನು ತೆಗೆದೆ. ಊಟದ ನಂತರ ಎರಡು ಚಿತ್ರಗಳು ಉಳಿದಿದ್ದವು. ರೀಲು ಮುಗಿಸಿಬಿಡೋಣವೆಂದು ಎರಡೂ ಕಡೆಯ ಹಿರಿಯರನ್ನು ಜಮಖಾನದ ಮೇಲೆ ಸಾಲಾಗಿ ಕೂರಿಸಿ, ನಡುವೆ ವಧೂವರರನ್ನು ನಿಲ್ಲಿಸಿ ಒತ್ತಿದೆ. ಬೆಳಗಿನಿಂದ ಒಲೆಯ ಮುಂದಿದ್ದ ಹುಡುಗಿಯ ತಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೊನೆಯ ಗಳಿಗೆಯಲ್ಲಿ ಬಂದು ಅಂಚಿನಲ್ಲಿ ನಿಂತರು. ಇಡೀ ರೀಲಿನಲ್ಲಿ ಅವರಿರುವುದು ಆ ಒಂದು ಚಿತ್ರದಲ್ಲಿ ಮಾತ್ರ. ಕಲೆಯ ದೃಷ್ಟಿಯಿಂದ ಅದು ಯಾವ ಬೆಲೆಯೂ ಇಲ್ಲದ ಚಿತ್ರವೆಂದು ಆಗ ಭಾವಿಸಿದ್ದೆ.

ಬಣ್ಣದ ರೀಲನ್ನು ಕೊಲ್ಲಾಪುರಕ್ಕೆ ಕಳುಹಿಸಿದೆ. ಹನ್ನೆರಡು ದಿನಗಳ ನಂತರ ಲಕೋಟೆ ಬಂತು. ಇಪ್ಪತ್ತೊಂದನೆಯ ಚಿತ್ರದಲ್ಲಿ ವರ ಇದ್ದ, ಅವನ ಕೈಯಿತ್ತು, ಪುರೋಹಿತರ ಅರ್ಧ ಮುಖವೂ ಇತ್ತು. ಚಿತ್ರದ ನಡುವಿನಿಂದ ಆಚೆಗೆ ಕತ್ತಲು. ವಧು ಆ ಕತ್ತಲಲ್ಲಿದ್ದಳು.

ಆ ಒಂದನ್ನು ತೆಗೆದಿಟ್ಟು, ಉಳಿದವನ್ನು ಆಲ್ಬಮ್ಮಿಗೆ ಅಂಟಿಸಿ ಕೊಟ್ಟೆ. ಸಿಪಾಯಿಯವರು ಹಾಳೆಗಳನ್ನು ಎರಡು ಸಲ ತಿರುವಿ, ‘ತಾಳಿ ಕಟ್ಟೂದು ಎಲ್ಲೈತ್ರಿ?’ ಎಂದರು. ‘ಫಿಲ್ಮಿನಲ್ಲಿ ದೋಷವಿತ್ತು’ ಎಂದೆ. ಅವರು ನಂಬಿದರು, ಅಥವಾ ನಂಬಿದಂತೆ ಇದ್ದರು. ನೆಗೆಟಿವ್ ಕೊಟ್ಟರೆ ನಿಜ ತಿಳಿಯುವುದೆಂದು ಅದನ್ನೂ ಕೊಡಲಿಲ್ಲ. ಹಳೆಯ ಸರ್ಕಾರಿ ಲಕೋಟೆಯೊಂದರಲ್ಲಿ ಅದು ನನ್ನ ಪೆಟ್ಟಿಗೆ ಸೇರಿತು. ವರ್ಗಾವಣೆಯಿಂದ ವರ್ಗಾವಣೆಗೆ, ಊರಿಂದ ಊರಿಗೆ ನನ್ನ ಜೊತೆಗೇ ಬಂತು.

ಆಲ್ಬಂ ಹೋಯಿತು, ನೆಗೆಟಿವ್ ಉಳಿಯಿತು

2005ರ ಮಳೆಗಾಲದ ಮಹಾಪೂರದಲ್ಲಿ ಕೃಷ್ಣೆ ಆ ಹುಡುಗಿಯ ಗಂಡನ ಊರನ್ನು ನುಗ್ಗಿದಾಗ ಮನೆಯ ಟ್ರಂಕು ನೀರುಪಾಲಾಯಿತು. ಲಗ್ನಪತ್ರಿಕೆ, ಆಲ್ಬಂ ಎಲ್ಲವೂ ಕೆಸರಿನಲ್ಲಿ ಅಂಟಿ ಮುದ್ದೆಯಾದವು. ಮರುವರ್ಷ ಗಂಡ ಕಾಯಿಲೆಯಿಂದ ತೀರಿಕೊಂಡ. ವಾರಸಾ ನೋಂದಣಿಯ ಮಾತು ಬಂದಾಗ ಮೈದುನಂದಿರು ತಕರಾರು ತೆಗೆದರು: ಅವಳು ಕಟ್ಟಿಕೊಂಡವಳೇ ಅಲ್ಲ, ಮದುವೆ ಆದದ್ದಕ್ಕೆ ಪುರಾವೆ ಏನಿದೆ? ವಿವಾಹ ನೋಂದಣಿಯಂತೂ ಆಗಿರಲಿಲ್ಲ. ರೇಷನ್ ಕಾರ್ಡಿನಲ್ಲಿ, ಮಗಳ ಶಾಲೆಯ ದಾಖಲೆಯಲ್ಲಿ ಗಂಡನ ಹೆಸರಿತ್ತು. ಅವು ಸಂಸಾರ ನಡೆದದ್ದನ್ನು ಹೇಳುತ್ತವೆಯೇ ಹೊರತು ಮದುವೆ ನಡೆದದ್ದನ್ನಲ್ಲ ಎಂದು ಎದುರು ಪಕ್ಷದ ವಾದ. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಸಿಪಾಯಿಯವರು ಅಷ್ಟರಲ್ಲಿ ಕಾಲವಾಗಿದ್ದರು. 2007ರ ಒಂದು ಬೆಳಿಗ್ಗೆ ಹುಡುಗಿಯ ತಮ್ಮ ವಿಳಾಸ ಹುಡುಕಿಕೊಂಡು ಬೆಂಗಳೂರಿನ ನನ್ನ ಮನೆಗೆ ಬಂದ. ಬೇರೇನೂ ಕೇಳಲಿಲ್ಲ, ‘ಅಪ್ಪ ಹೇಳತಿದ್ದರು, ಸಾಹೇಬ್ರ ಹತ್ರ ರೀಲ ಇರಬೇಕು ಅಂತ’ ಎಂದ.

ಹೀಗೆಂದರೆ ಆ ಹಿರಿಯರು ನನ್ನ ಮಾತನ್ನು ನಂಬಿರಲಿಲ್ಲ.

ಫೋಟೋ ಒಂದು ಸಾಕ್ಷ್ಯವಾಗುವ ಬಗೆಯನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ ಕಾಲದಲ್ಲಿ ಬರಿಯ ಮುದ್ರಿತ ಚಿತ್ರಕ್ಕೆ ತೂಕ ಕಡಿಮೆ. ನೆಗೆಟಿವ್ ಹಾಜರುಪಡಿಸಬೇಕು, ತೆಗೆದವನು ಬಂದು ತಾನೇ ತೆಗೆದದ್ದೆಂದು ಹೇಳಬೇಕು ಎಂದು ವಕೀಲರು ಪಟ್ಟು ಹಿಡಿಯುತ್ತಿದ್ದರು. ಲಕೋಟೆ ತೆರೆದು ನೋಡಿದೆ. ನೆಗೆಟಿವನ್ನು ಆರಾರು ಚಿತ್ರಗಳ ತುಂಡುಗಳಾಗಿ ಕತ್ತರಿಸಿದ್ದರು. ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರವರೆಗೆ ಒಂದು ತುಂಡು. ಅಂಚಿನಲ್ಲಿ ತಯಾರಕರೇ ಅಚ್ಚೊತ್ತಿದ ಅನುಕ್ರಮ ಸಂಖ್ಯೆ. ಅಂತರಪಟ, ಹೊರಗಿನ ಜನ, ತಾಳಿ, ಅಕ್ಕಿಕಾಳು — ಒಂದರ ಹಿಂದೊಂದು, ನಡುವೆ ಏನನ್ನೂ ಸೇರಿಸಲು ಬಾರದಂತೆ. ಹತ್ತೊಂಬತ್ತರಲ್ಲಿ ಅಂತರಪಟದ ಒಂದು ತುದಿ ಹಿಡಿದು ನಿಂತಿದ್ದವನು, ಈಗ ಮದುವೆಯೇ ಆಗಿಲ್ಲವೆನ್ನುತ್ತಿದ್ದ ವರನ ಅಣ್ಣನೇ. ಕೊನೆಯ ಗುಂಪುಚಿತ್ರದಲ್ಲಿ ಊರಿನ ಹಿರಿಯರು, ತಲಾಠಿ, ಶಾಲೆಯ ಮಾಸ್ತರರು ಎಲ್ಲ ಇದ್ದರು. ಅವರಲ್ಲಿ ನಾಲ್ವರು ಇನ್ನೂ ಬದುಕಿದ್ದರು.

ವಿಚಾರಣೆಯ ದಿನ ನಾನು ಹೋದೆ. ನ್ಯಾಯಾಲಯದ ಹೊರಗಿನ ಬೇವಿನ ಮರದ ಕೆಳಗೆ ಆಕೆಗೆ ಹೊಸದಾಗಿ ತೊಳೆಸಿದ ಚಿತ್ರಗಳನ್ನು ಕೊಟ್ಟೆ. ಇಪ್ಪತ್ತೊಂದನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ‘ಇದರಾಗ ನಾ ಎಲ್ಲಿ ಅದೀನ್ರಿ ಸಾಹೇಬ್ರ?’ ಎಂದಳು. ತಂದೆಗೆ ಹೇಳದ ನಿಜವನ್ನು ಮಗಳಿಗೆ ಹೇಳಿದೆ. ಫಿಲ್ಮಿನ ದೋಷವಲ್ಲ, ನನ್ನ ದೋಷ. ಆಕೆ ಏನೂ ಅನ್ನಲಿಲ್ಲ. ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆಯ ಹತ್ತಿರ, ಸೆರಗನ್ನು ಹಿಡಿದ ಒಂದು ಕೈ ಮಣಿಕಟ್ಟಿನವರೆಗೆ ಬಿದ್ದಿತ್ತು. ‘ಬಳಿ ನನ್ನವ ಅದಾವ ನೋಡ್ರಿ’ ಎಂದು ಮಗಳಿಗೆ ತೋರಿಸಿದಳು. ಅದೇ ಹಸಿರು ಬಳೆಗಳು ಮುಂದಿನ ಚಿತ್ರದಲ್ಲಿ, ಅಕ್ಕಿಕಾಳುಗಳ ನಡುವೆ, ಆಕೆಯ ಮುಖದೊಂದಿಗೆ ಸ್ಪಷ್ಟವಾಗಿದ್ದವು.

ನಾನು ಸಾಕ್ಷಿ ಹೇಳಬೇಕಾಗಿ ಬರಲಿಲ್ಲ. ಅಂತರಪಟದ ಚಿತ್ರವನ್ನು ಎದುರು ಪಕ್ಷದ ವಕೀಲರು ತಮ್ಮ ಕಕ್ಷಿದಾರರಿಗೆ ತೋರಿಸಿದ ಮೇಲೆ ಹಿರಿಯರ ನಡುವೆ ಮಾತಾಯಿತು. ಉತಾರದಲ್ಲಿ ಆಕೆಯ ಮತ್ತು ಮಗಳ ಹೆಸರು ಸೇರಿತು. ಸಿಕ್ಕಿದ್ದು ಪೂರ್ತಿ ಪಾಲಲ್ಲ. ರಾಜಿಯಲ್ಲಿ ಯಾವಾಗಲೂ ದುರ್ಬಲರು ಸ್ವಲ್ಪ ಬಿಟ್ಟುಕೊಡುತ್ತಾರೆ. ಆದರೂ ‘ಕಟ್ಟಿಕೊಂಡವಳಲ್ಲ’ ಎಂಬ ಮಾತನ್ನು ಆ ಊರಿನಲ್ಲಿ ಮತ್ತೆ ಯಾರೂ ಆಡಲಿಲ್ಲ.

ಕಾನೂನು ಏನು ಹೇಳುತ್ತದೆ

ಇದು ಒಬ್ಬ ಹೆಣ್ಣುಮಗಳ ಕಥೆಯಷ್ಟೇ ಆಗಿದ್ದರೆ ಪತ್ರಿಕೆಯ ಜಾಗವನ್ನು ನಾನು ಕೇಳುತ್ತಿರಲಿಲ್ಲ. 1955ರ ಹಿಂದೂ ವಿವಾಹ ಅಧಿನಿಯಮದ 7ನೆಯ ಕಲಂ ಪ್ರಕಾರ ವಿವಾಹವಾಗುವುದು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಿಂದ. 8ನೆಯ ಕಲಂ ನೋಂದಣಿಗೆ ಅವಕಾಶ ಕೊಡುತ್ತದೆ. ಆದರೆ ನೋಂದಣಿ ಇಲ್ಲವೆಂಬ ಕಾರಣಕ್ಕೆ ವಿವಾಹ ಅಸಿಂಧುವಾಗುವುದಿಲ್ಲ. ಕರ್ನಾಟಕದಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸುವ 1976ರ ಕಾಯ್ದೆಯೇ ಇದೆ. 2006ರ ಫೆಬ್ರುವರಿಯಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಧರ್ಮದವರ ವಿವಾಹಗಳ ನೋಂದಣಿಯೂ ಕಡ್ಡಾಯವಾಗಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು. ಇಷ್ಟಾದರೂ, ಪಾಸ್‌ಪೋರ್ಟೋ ವೀಸಾವೋ ಬೇಕಾಗುವವರೆಗೆ ಉಪನೋಂದಣಾಧಿಕಾರಿಯ ಕಚೇರಿಯ ಕಡೆ ಮುಖ ಮಾಡದ ಕುಟುಂಬಗಳನ್ನು ನಗರಗಳಲ್ಲಿಯೂ ಕಂಡಿದ್ದೇನೆ. ಪಾಸ್‌ಪೋರ್ಟ್ ಬೇಡದ ಹೆಣ್ಣುಮಕ್ಕಳಿಗೆ ನೋಂದಣಿ ನೆನಪಾಗುವುದು ಗಂಡ ಸತ್ತ ಮೇಲೆ, ಇಲ್ಲವೆ ಬಿಟ್ಟುಹೋದ ಮೇಲೆ.

ನೋಂದಣಿ ಮಾತ್ರವೂ ಸಾಲದು ಎಂಬುದನ್ನು 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಡಾಲಿ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಧಿಗಳೇ ನಡೆಯದೆ ಪ್ರಮಾಣಪತ್ರ ಪಡೆದರೆ ಅದು ಹಿಂದೂ ವಿವಾಹವಾಗದು. ಮದುವೆಯೆಂದರೆ ಹಾಡು, ಕುಣಿತ, ಭೋಜನಗಳ ಸಮಾರಂಭವಲ್ಲ ಎಂದು ಪೀಠ ಹೇಳಿತು. ಹಾಗಾದರೆ ವಿಧಿ ನಡೆದದ್ದನ್ನು ತೋರಿಸುವುದು ಹೇಗೆ? ಪುರೋಹಿತರು ಗತಿಸಬಹುದು, ನೆಂಟರು ಮಾತು ಬದಲಿಸಬಹುದು. ನೋಂದಣಿ ಕಚೇರಿಯಲ್ಲಿ ಲಗ್ನಪತ್ರಿಕೆಯೊಂದಿಗೆ ಮದುವೆಯ ಚಿತ್ರವನ್ನೂ ಕೇಳುವುದು ಈ ಕಾರಣಕ್ಕೆ. ಅಂದಮೇಲೆ, ನೋಂದಣಿ ಮತ್ತು ಚಿತ್ರ ಒಂದಕ್ಕೊಂದು ಬದಲಿಯಲ್ಲ, ಒಂದಕ್ಕೊಂದು ಆಧಾರ.

ಕ್ಯಾಮೆರಾ ಹಿಡಿದವನು ಸಾಕ್ಷಿಯೆಂದಾದರೆ ಅವನಿಗೆ ಇನ್ನೊಂದು ಹೊಣೆಯೂ ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯು ಅಂಥ ವಿವಾಹ ನಡೆಸಿದವರನ್ನಷ್ಟೇ ಅಲ್ಲ, ಅದಕ್ಕೆ ನೆರವಾದವರನ್ನೂ ಎರಡು ವರ್ಷಗಳವರೆಗಿನ ಕಠಿಣ ಸಜೆಗೆ ಗುರ್ತಿಸುತ್ತದೆ. 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹಂದರದಲ್ಲಿ ವಧುವಿನ ಮುಖವನ್ನು ಎಲ್ಲರಿಗಿಂತ ಹತ್ತಿರದಿಂದ, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವವನು ಛಾಯಾಗ್ರಾಹಕ. ವಯಸ್ಸಿನ ಬಗ್ಗೆ ಸಂಶಯ ಬಂದರೆ, ಒಪ್ಪಿಕೊಳ್ಳುವ ಮೊದಲೇ ಕೇಳುವ ಧೈರ್ಯ ಅವನಿಗಿರಬೇಕು.

ಸಾವಿರ ಚಿತ್ರಗಳ ಬಡತನ

ಇಂದು ರೀಲಿನ ಕೊರತೆ ಇಲ್ಲ. ಒಂದು ಹೆಚ್ಚಿನ ಚಿತ್ರದ ವೆಚ್ಚ ಸೊನ್ನೆಯಾಗಿದೆ. ಕೃಷ್ಣೆಯ ದಂಡೆಯಲ್ಲಿ, ಕಬ್ಬಿನ ಹೊಲದ ಬದುವಿನಲ್ಲಿ ಮದುವೆಯ ಮುಂಚಿನ ಚಿತ್ರೀಕರಣವೂ ನಡೆಯುತ್ತದೆ. ಹಂದರದ ಮೇಲೆ ಡ್ರೋನ್ ಹಾರುತ್ತದೆ, ಕೆಳಗೆ ಡಾಲ್ಬಿ ಎದೆ ನಡುಗಿಸುತ್ತದೆ. ವೆಚ್ಚ ಇಳಿದಂತೆ ಬೆಲೆಯೂ ಇಳಿಯುವುದು ಸಹಜ. ಮೂರು ಸಾವಿರ ಚಿತ್ರಗಳು ಒಂದು ಫೋನಿನಲ್ಲಿಯೋ ಬೆರಳುದ್ದದ ಪೆನ್‌ಡ್ರೈವಿನಲ್ಲಿಯೋ ಇರುತ್ತವೆ; ಅದು ಕೆಟ್ಟ ದಿನ ಒಂದೂ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕುಗಳ ನದಿತೀರದ ಹಳ್ಳಿಗಳು ಮುಳುಗಿದವು. 2021ರಲ್ಲಿ ಮತ್ತೆ ನೀರು ಬಂತು. ನೀರಿಳಿದ ಮೇಲೆ ಕಟ್ಟೆಗಳ ಮೇಲೆ ಜನ ಧಾನ್ಯದ ಜೊತೆ ಕಾಗದಪತ್ರಗಳನ್ನೂ ಒಣಗಿಸುತ್ತಿದ್ದರು. ಡಿಜಿಟಲ್ ಚಿತ್ರಕ್ಕೆ ಒಣಗುವ ಭಾಗ್ಯವೂ ಇಲ್ಲ. ನ್ಯಾಯಾಲಯಕ್ಕೆ ಹೋದರೆ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಬೇಕು. ಮೂಲ ಕಡತ ಎಲ್ಲಿದೆ, ಯಾರ ಬಳಿಯಿದೆ ಎಂಬುದು ಗೊತ್ತಿಲ್ಲದಿದ್ದರೆ ಸಾವಿರ ಚಿತ್ರವಿದ್ದೂ ತೊಡಕು ತಪ್ಪದು.

ಆದ್ದರಿಂದ ಮೊದಲ ಬಾರಿಗೆ ಮದುವೆಯ ಚಿತ್ರ ತೆಗೆಯುವವರಿಗೆ ನನ್ನ ಸಲಹೆ ಕಲೆಯ ಬಗ್ಗೆ ಅಲ್ಲ. ಹಿಂದಿನ ದಿನವೇ ಹಂದರವನ್ನು ನೋಡಿ ಬನ್ನಿ. ಬಟ್ಟೆಯ ಬಣ್ಣವನ್ನೂ ಮಧ್ಯಾಹ್ನದ ಬೆಳಕನ್ನೂ ಗಮನಿಸಿ. ಪುರೋಹಿತರನ್ನೋ ಅಯ್ಯನವರನ್ನೋ ಕಂಡು ವಿಧಿಗಳ ಕ್ರಮ ಬರೆದುಕೊಳ್ಳಿ. ಒಂದೊಂದು ಮನೆತನದಲ್ಲಿ ಒಂದೊಂದು ಪದ್ಧತಿ. ಯಾರ ಚಿತ್ರ ಇರಲೇಬೇಕೆಂಬ ಪಟ್ಟಿಯನ್ನು ಹುಡುಗಿಯ ತಾಯಿಯಿಂದ ಪಡೆಯಿರಿ. ಆ ಪಟ್ಟಿಯಲ್ಲಿ ಅವರು ತಮ್ಮ ಹೆಸರನ್ನು ಬಿಟ್ಟಿರುತ್ತಾರೆ, ಅದನ್ನು ನೀವೇ ಸೇರಿಸಿಕೊಳ್ಳಿ. ಮುಹೂರ್ತಕ್ಕೆ ಹತ್ತು ನಿಮಿಷ ಮೊದಲು ಜಾಗ ಹಿಡಿದು, ಕ್ಯಾಮೆರಾದ ಎಲ್ಲ ಸಂಖ್ಯೆಗಳನ್ನೂ ಒಮ್ಮೆ ನೋಡಿ, ಅಲ್ಲಿಂದ ಕದಲಬೇಡಿ. ತಪ್ಪಾದರೆ ಅಲ್ಲಿಯೇ ಹೇಳಿ, ಇನ್ನೊಮ್ಮೆ ಕೈ ಹಿಡಿಸಿ. ಎರಡೂ ಕಡೆಯ ಹಿರಿಯರ ಗುಂಪುಚಿತ್ರವನ್ನು ಬೇಸರವಿಲ್ಲದೆ ತೆಗೆಯಿರಿ. ಒಂದು ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂದೆ ತಾರೀಖು, ಊರು, ನಿಂತವರ ಹೆಸರು ಬರೆದು, ಒಂದು ಪ್ರತಿ ಹುಡುಗಿಯ ತವರಿನಲ್ಲಿರುವಂತೆ ಮಾಡಿ. ಮೂಲ ಕಡತ ನಿಮ್ಮಲ್ಲಿಯೂ ಇರಲಿ, ಅವರಲ್ಲಿಯೂ ಇರಲಿ.

ನಿಪ್ಪಾಣಿಯ ಹುಡುಗನಿಗೆ ಇದನ್ನೆಲ್ಲ ಹೇಳಲು ಆಗಲಿಲ್ಲ. ‘ತಾಳಿ ಕಟ್ಟುವಾಗ ಹುಡುಗಿಯ ಮುಖ ಕಾಣಬೇಕು, ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ ಒಂದು ತೆಗಿ’ ಎಂದಷ್ಟೇ ಹೇಳಿದೆ. ಅವನು ತಲೆಯಾಡಿಸಿ ಹೋದ. ಊಟ ಮುಗಿಸಿ ನಾನು ಕೈ ತೊಳೆಯುತ್ತಿದ್ದಾಗ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಹಡದವ್ವ ಎಲ್ಲದಾರ್ರಿ, ಅವರನ ಮೊದಲ ಕರೀರಿ’ ಎಂದು ಕೂಗುತ್ತಿದ್ದ.